ಹೂಂ ಅನ್ನಬಾರದ ದಿನ

ಹಲ್ಲುಜ್ಜುತ್ತ ನಿಂತಿದ್ದ ಶಿವನಂಜಯ್ಯ ಒಮ್ಮೆ ಹೂಂ ಅಂದ. ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಗೆಯೊಂದು ಕೂತು ಕತ್ತು ಓರೆ ಮಾಡಿಕೊಂಡು ನೋಡುತ್ತಿತ್ತು, ಅಷ್ಟೆ. ನೀರು ತುಂಬುತ್ತಿದ್ದ ಹೆಂಡತಿ ಯಶೋದ ಬಿಂದಿಗೆಯನ್ನು ಸೊಂಟಕ್ಕೆ ಏರಿಸುವುದನ್ನು ಅರ್ಧಕ್ಕೆ ನಿಲ್ಲಿಸಿದಳು.

"ಯಾರ್ ಕತೆ ಯೋಳುದ್ರು ಅಂತ ಊಂ ಅಂತಿದ್ದೀರಿ? ಕಾಗೆಯಾ?"

"ಅಭ್ಯಾಸ ಕಣೆ."

"ಇವತ್ತೊಂದಿನ ಬಾಯ್ಗೆ ಬೀಗ ಆಕ್ಕಳಿ. ಕೋರ್ಟಲ್ಲಿ ಊಂ ಅಂದ್ರೆ ಜಡ್ಜಮ್ಮ ನಿಮ್ಮುನ್ನೇ ಒಳಕ್ಕೆ ಕೂರುಸ್ತಾರೆ."

ಅವಳು ತಮಾಷೆಗೆ ಅಂದದ್ದು. ಅವನು ಮಾತ್ರ ಎರಡೆರಡು ಸಲ ಬಾಯಿ ಮುಕ್ಕಳಿಸಿದ. ಕೊಳ್ಳೇಗಾಲದ ಕೋರ್ಟಿನಲ್ಲಿ ಅವತ್ತು ಮಹದೇವು ಸಾಕ್ಷಿ ಹೇಳುವುದಿತ್ತು. ಅವನ ಪಕ್ಕದಲ್ಲಿ ಕೂರುವುದು ಶಿವನಂಜಯ್ಯನ ಪಾಲಿಗೆ ಬಂದ ಕೆಲಸ. ಕೂರಬೇಕು, ಮಾತಾಡುವಂತಿಲ್ಲ. ಇದೇ ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದ ಮಹದೇವು, ಹೊರದೇಶದಲ್ಲಿ ಗೋಡೌನ್ ಕೆಲಸ ಅಂತ ಏಜೆಂಟನೊಬ್ಬ ಹೇಳಿದ್ದನ್ನು ನಂಬಿ ವಿಮಾನ ಹತ್ತಿದವನು. ಅಲ್ಲಿ ಇಳಿದ ಮೇಲೆ ಯಾರದೋ ಯುದ್ಧಕ್ಕೆ ಇವನ ಕೈಗೆ ಲಾರಿ ಕೊಟ್ಟರು. ಹನ್ನೊಂದು ತಿಂಗಳಾದ ಮೇಲೆ ಹೇಗೋ ವಾಪಸು ಬಂದ. ಜೊತೆಗೆ ಹೋಗಿದ್ದ ಅಗರದ ನಿಂಗರಾಜು ಬರಲಿಲ್ಲ. ಬಂದ ಮಹದೇವು ಪೂರ್ತಿ ಬಂದಿರಲಿಲ್ಲ. ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ, ಮದುವೆ ಮನೆಯ ಪಟಾಕಿಗೆ ಮಂಚದಡಿ ಸೇರುತ್ತಿದ್ದ, ಹೊಂಗೆ ಮರದಲ್ಲಿ ಜೇನು ಗುಂಯ್ ಅಂದರೂ ಎದ್ದು ಆಕಾಶ ಹುಡುಕುತ್ತಿದ್ದ. ಏಜೆಂಟನ ಮೇಲೆ ಕೇಸಾಯಿತು. ಇಂಥ ನೊಂದ ಸಾಕ್ಷಿಯ ಪಕ್ಕದಲ್ಲಿ ಅವನಿಗೆ ಬೇಕಾದವರು ಒಬ್ಬರು ಕೂರಬಹುದು ಅಂತ ಕಾನೂನಿದೆ. ಜಿಲ್ಲೆಯಿಂದ ಬಂದ ಆಪ್ತಸಮಾಲೋಚಕಿ ಮೀನಾ ಅವನ ಮುಂದೆ ಕಾಗದ ಇಟ್ಟು, ಯಾರಿರಲಿ ಅಂತ ಕೇಳಿದರು. ತಾಯಿ ಇದ್ದಳು, ಅಣ್ಣ ಇದ್ದ. ಮಹದೇವು ಬರೆದದ್ದು ಎರಡೇ ಪದ: ಪೋಸ್ಟ್ ಮಾವ.

ಪೋಸ್ಟ್ ಮಾವ ಅಂದರೆ ಶಿವನಂಜಯ್ಯ. ಮೂವತ್ತನಾಲ್ಕು ವರ್ಷ ಆ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಟಪಾಲು ಹಂಚಿ ನಿವೃತ್ತನಾದವನು. ಅವನನ್ನೇ ಯಾಕೆ ಆರಿಸಿದ ಅನ್ನುವುದು ಊರಿಗೆ ತಿಳಿಯಲಿಲ್ಲ. ಶಿವನಂಜಯ್ಯನಿಗೂ ತಿಳಿಯಲಿಲ್ಲ, ಆದರೆ ಕೇಳಲು ಧೈರ್ಯವಿರಲಿಲ್ಲ. ಯಾಕೆಂದರೆ ಆ ಪಾಸ್‌ಪೋರ್ಟನ್ನು ಮಹದೇವುವಿನ ಕೈಗೆ ಕೊಟ್ಟವನು ಅವನೇ. ಇದನ್ನು ಮೀನಾ ಅವರಿಗೆ ಮೊದಲ ದಿನವೇ ಹೇಳಿದ್ದ. ಅವರು ಬರೆದುಕೊಂಡು, ವಕೀಲರಿಗೂ ತಿಳಿಸಿ, "ಅದು ನಿಮ್ಮ ಕೆಲಸ ಅಲ್ಲವಾ ಸರ್" ಅಂದಿದ್ದರು. ಹೇಳದೆ ಉಳಿಸಿಕೊಂಡದ್ದು ಇನ್ನೊಂದು. ಸಹಿ ಹಾಕಿ ಲಕೋಟೆ ತೆಗೆದುಕೊಂಡ ಮಹದೇವು ಅವತ್ತು ಬೇವಿನ ಮರದ ಕೆಳಗೆ ನಿಂತು ಏನೇನೋ ಹೇಳತೊಡಗಿದ್ದ, ಇವನು ಹೂಂ ಅಂದಿದ್ದ, ಹೂಂ, ಹೂಂ, ಮೂರೋ ನಾಲ್ಕೋ ಸಲ, ಮತ್ತು ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ. ಸೈಕಲ್ ಚೈನು ಕಳಚಿತ್ತು. ಬೆರಳಿಗೆ ಗ್ರೀಸು. ಇನ್ನೂ ಎಂಟು ಮನೆ ಬಾಕಿ. ಹುಡುಗನ ಮಾತು ಕಿವಿಯ ಹೊರಗೇ ನಿಂತು ಹೋಗಿತ್ತು. ಕೇಳಿಸಿಕೊಂಡಿದ್ದರೆ ಏನಾದರೂ ಕೇಳುತ್ತಿದ್ದ, ಯಾವ ದೇಶವೋ, ಯಾರೋ ಏಜೆಂಟು, ಕಾಗದ ತೋರಿಸಪ್ಪ ಅನ್ನುತ್ತಿದ್ದ. ಮೂವತ್ತನಾಲ್ಕು ವರ್ಷ ಊರಿನ ಕಾಗದ ಓದಿಕೊಟ್ಟವನಿಗೆ ಅಷ್ಟು ತಿಳಿಯುತ್ತಿರಲಿಲ್ಲವೆ.

ಮಿಕ್ಕ ಯಾರು ಹಾಗೆ ಮಾಡಿದ್ದರೂ ಅದು ಸಣ್ಣ ತಪ್ಪು. ಅವನು ಮಾಡಿದ್ದಕ್ಕೆ ಅದು ದೊಡ್ಡದು. ಅವನು ಹೂಂಗುಟ್ಟುತ್ತಲೇ ಬೆಳೆದವನು. ತಾಯಿ ದೊಡ್ಡಮಾದಮ್ಮ ಮುಂಜಾನೆ ರಾಗಿ ಬೀಸುವಾಗ ಮಾದಪ್ಪನ ಕತೆ ಹೇಳುತ್ತಿದ್ದಳು, ಎದುರಿಗೆ ಗೋಣಿತಾಟಿನ ಮೇಲೆ ಕೂತ ಇವನು ಹೂಂ ಅನ್ನಬೇಕು. ಹೂಂ ಅಂದರೆ ಕಲ್ಲು ತಿರುಗುತ್ತದೆ, ಅನ್ನದಿದ್ದರೆ ನಿಲ್ಲುತ್ತದೆ. ಮಾದಪ್ಪ ಹುಲಿಯ ಮೇಲೆ ಕಾಲು ಹಾಕಿದವನು ಕಾಲು ಎತ್ತಿದ ಹಾಗೇ ನಿಂತಿರುತ್ತಾನೆ, ಇವನು ತೂಕಡಿಸಿದ್ದಕ್ಕೆ. "ಏನ್ಲಾ, ದೇವ್ರ ಕಾಲು ನೋಯಾಕಿಲ್ವಾ?" ಅಂತ ತಾಯಿ ರಾಗಿ ಹಿಟ್ಟಿನ ಕೈಯಿಂದ ಮೂಗು ತಟ್ಟುವಳು. ಊಂ ಇಲ್ಲದ ಕತೆ ಎತ್ತಿಲ್ಲದ ಗಾಡಿ ಅನ್ನುವಳು. ಅರ್ಧಕ್ಕೆ ನಿಂತ ಕತೆ ಹೇಳಿದವರ ಹೆಗಲ ಮೇಲೆ ಕೂತುಕೊಳ್ಳುತ್ತದೆ, ಇಳಿಯುವುದಿಲ್ಲ ಅನ್ನುವಳು. ಕುಂತೂರಿನಲ್ಲಿ ಯಾರು ಕತೆ ತೆಗೆದರೂ ಶಿವನಂಜಯ್ಯನನ್ನು ಕರೆದು ಎದುರಿಗೆ ಕೂರಿಸುತ್ತಿದ್ದ ಕಾಲವಿತ್ತು.

ಬಸ್ಸಿನಲ್ಲಿ ಮಹದೇವು ಕಿಟಕಿ ಪಕ್ಕ ಕೂತ. ಹೊಸ ಬಿಳಿ ಅಂಗಿ, ಮಡಿಕೆಯ ಗೆರೆ ಇನ್ನೂ ಹೋಗಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ದಾರಿ ಬಿಡದೆ ಮುಂದೆ ಹೋಗುತ್ತಿದ್ದಾಗ ಅವನ ಬಲಗೈ ತನ್ನಷ್ಟಕ್ಕೆ ಗೇರು ಹಾಕಿತು. ಶಿವನಂಜಯ್ಯ ನೋಡಿಯೂ ನೋಡದವನಂತೆ ಇದ್ದ. ಕೇಸಿನ ಬಗ್ಗೆ ಒಂದು ಮಾತೂ ಆಡಬಾರದು ಅಂತ ಮೀನಾ ಹೇಳಿದ್ದರು. "ಹೇಳಿಕೊಡಬಾರದು, ಸನ್ನೆ ಮಾಡಬಾರದು, ತಲೆ ಕೂಡ ಆಡಿಸಬಾರದು. ಅವರ ಪಕ್ಕ ಇರಿ, ಸಾಕು." ಹಾಗಾಗಿ ಆರು ತಿಂಗಳಿಂದ ಇಬ್ಬರೂ ಸಂಜೆ ಜಗಲಿಯ ಮೇಲೆ ಕೂತು ಕೇಸೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಮಾತಾಡಿದ್ದರು. ಮೊದಲಿಗೆ ಶಿವನಂಜಯ್ಯನೇ ಮಾದಪ್ಪನ ಕತೆ ಹೇಳಿದ, ಒಬ್ಬನೇ ಹೇಳಿದ, ಎದುರಿಗಿದ್ದವನು ಕಲ್ಲಿನಂತಿದ್ದ. ಹದಿನೈದನೆಯ ದಿನವೋ ಏನೋ, ಕತೆಯ ನಡುವೆ ಎತ್ತಿನ ಗಾಡಿಯ ಕೀಲು ಮುರಿಯಿತು ಅಂದಾಗ ಮಹದೇವು, "ಕೀಲಲ್ಲ ಮಾವ, ಅಚ್ಚು ಮುರ್ದಿರದು" ಅಂದ. ಅಚ್ಚಿನಿಂದ ಟ್ರೇಲರಿಗೆ ಬಂದ, ಟ್ರೇಲರಿನಿಂದ ಟ್ರ್ಯಾಕ್ಟರಿಗೆ. ಶಿವನಂಜಯ್ಯ ಹೂಂ ಅಂದ, ಈ ಸಲ ಕಿವಿಯನ್ನು ಒಳಗಿಟ್ಟುಕೊಂಡೇ ಅಂದ. ಹೂಂ ಬಿದ್ದಾಗ ಮಹದೇವು ಒಂದು ಹೆಜ್ಜೆ ಇಡುತ್ತಿದ್ದ. ಹೂಂ ತಡವಾದರೆ ಅವನ ಕಣ್ಣಾಲಿ ಹೆದರಿದ ದನದ ಹಾಗೆ ಹೊರಳುತ್ತಿತ್ತು, ಕೈ ಹುಡುಕುತ್ತಿತ್ತು. ಯಾಕೆ ಅಷ್ಟು ಹೆದರಿಕೆಯೋ ಇವನಿಗೆ ಗೊತ್ತಾಗಲಿಲ್ಲ. ಕೇಳುವಂತೆಯೂ ಇರಲಿಲ್ಲ. ಒಂದು ಕತೆಯನ್ನಂತೂ, ಸತ್ತೇಗಾಲದ ದಾರಿಯ ಆಲೆಮನೆಯಲ್ಲಿ ಎರಡು ಟ್ರೇಲರನ್ನು ಹಿಂದಕ್ಕೆ ತೆಗೆದ ಕತೆಯನ್ನು, ಹತ್ತು ಸಲವಾದರೂ ಶುರು ಮಾಡಿದ್ದ. "ಸಾಲಾಗಿ ಗಾಡಿ ನಿಂತವೆ, ಮುಂದಕ್ಕೆ ಜಾಗ ಇಲ್ಲ, ನಾನು ರಿವರ್ಸ್ ಆಕ್ದೆ, ಮೆತ್ತುಗೆ ತಕ್ಕಂಡ್ ಬಂದೆ, ಇಳುದು ಹಿಂದ್ಕೆ ನೋಡುದ್ರೆ..." ಅಲ್ಲಿಗೆ ನಿಲ್ಲುತ್ತಿತ್ತು. ಎಷ್ಟು ಹೂಂ ಅಂದರೂ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಹಿಂದೆ ಏನಿತ್ತೋ ಆ ಮಾದಪ್ಪನಿಗೇ ಗೊತ್ತು.

ಕೋರ್ಟಿನ ಹಜಾರದಲ್ಲಿ ಪೊಲೀಸಿನವನು ಇವರಿಬ್ಬರ ಕಾಗದ ನೋಡಿ ಮಹದೇವುವನ್ನು ಮೀನಾ ಅವರ ಜೊತೆ ಒಳಗೆ ಕಳಿಸಿ, "ನೀವು ಅಲ್ ಕೂತಿರಿ ಯಜಮಾನ್ರೆ" ಅಂತ ಬೆಂಚು ತೋರಿಸಿದ. ಬೆಂಚಿನಲ್ಲಿ ಒಬ್ಬ ಹೆಂಗಸು, ಒಬ್ಬ ಮುದುಕ ಇದ್ದರು. ಮುದುಕ ಪೊಟ್ಟಣ ಬಿಚ್ಚಿ ಹುರಿದ ಕಡಲೆಕಾಯಿ ಕೊಟ್ಟ. ಇವನು ಸಿಪ್ಪೆ ಸುಲಿದು ತಿಂದ, ಈ ವರ್ಷದ ಕಡಲೆಕಾಯಿ ಜಳ್ಳಿಲ್ಲ ಅಂತ ಮೆಚ್ಚಿಕೊಂಡ. "ನೀವು ಯಾವ ಕೇಸ್ಗೆ ಬಂದಿದ್ರಿ?" ಅಂತ ಕೇಳಿದರೆ ಮುದುಕ, "ನನ್ ಮಗುಂದೆ, ಏಜೆಂಟ್ ಅಂತ ಇಡ್ಕಂಡವ್ರಲ್ಲ" ಅಂದ. ಶಿವನಂಜಯ್ಯನ ಕೈಯಲ್ಲಿ ಇನ್ನೂ ನಾಲ್ಕು ಕಾಯಿ ಇದ್ದವು. ತಿನ್ನಲಾರ, ಕೊಡಲಾರ. ಮುದುಕನ ಕಾಲಲ್ಲಿ ತೇಪೆ ಹಾಕಿದ ಚಪ್ಪಲಿ, ಕಣ್ಣಲ್ಲಿ ನೀರು ಕಟ್ಟಿದ ಪೊರೆ. ಆ ಮುದುಕನೂ ಒಬ್ಬ ಅಪ್ಪನೇ. ನಾಲ್ಕು ಕಾಯನ್ನು ಜೇಬಿಗೆ ಹಾಕಿಕೊಂಡು, ಯಶೋದ ಅಲ್ಲಿ ಕಟ್ಟಿಟ್ಟಿದ್ದ ಮಾದಪ್ಪನ ಪ್ರಸಾದದ ಕಲ್ಲುಸಕ್ಕರೆ ಪೊಟ್ಟಣದಿಂದ ಎರಡು ಹರಳು ತೆಗೆದು ಮುದುಕನಿಗೆ ಕೊಟ್ಟ. ಮುದುಕ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಆಮೇಲೆ ಪೊಲೀಸಿನವನು ಓಡಿ ಬಂದು, "ಅಯ್ಯೋ, ಸಾಕ್ಷಿ ಪಕ್ಕ ಕೂರೋರು ನೀವೇನಾ? ಅದನ್ನ ಬಾಯ್ಬಿಟ್ಟು ಯೋಳ್ಬಾರ್ದಾ" ಅಂದ. ಬಾಯಿ ಬಿಡಬಾರದು ಅಂತಲೇ ಬಂದವನು ಎದ್ದು ಅವನ ಹಿಂದೆ ನಡೆದ.

ಒಳಗಿನದು ಸಣ್ಣ ಕೋಣೆ. ಆರೋಪಿ ಕಾಣದ ಹಾಗೆ ನಡುವೆ ಹಸಿರು ಪರದೆ. ನ್ಯಾಯಾಧೀಶೆ ವೇದಿಕೆ ಬಿಟ್ಟು ಕೆಳಗಡೆ ಸಾದಾ ಮೇಜಿಗೆ ಕೂತಿದ್ದರು, ಮೀನಾ ಹಾಗೆ ಕೇಳಿಕೊಂಡಿದ್ದರಂತೆ. ಪಕ್ಕದಲ್ಲಿ ಬೆರಳಚ್ಚಿನ ಹೆಂಗಸು. ಮೂಲೆಯ ಕುರ್ಚಿಯಲ್ಲಿ ಅಗರದ ಮಹಾಲಕ್ಷ್ಮಮ್ಮ, ನಿಂಗರಾಜುವಿನ ತಾಯಿ, ಸೆರಗನ್ನು ಎರಡು ಹೆಗಲಿಗೂ ಹೊದ್ದು, ಸಾಮಾನಿನ ಚೀಲ ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವರಂತೆ ಕೂತಿದ್ದಳು. ಮಗ ಹೇಗೆ ಹೋದ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬಲ್ಲವನು ಒಬ್ಬನೇ. ಮಹದೇವು ಇವತ್ತು ಬಾಯಿ ಬಿಡದಿದ್ದರೆ ಏಜೆಂಟನಿಗೆ ಅನುಕೂಲ ಅನ್ನುವುದು ವಕೀಲರ ಲೆಕ್ಕ. ಶಿವನಂಜಯ್ಯನಿಗೆ ಕಂಡದ್ದು ಆ ಚೀಲದ ಹಿಡಿಕೆಯನ್ನು ಸುತ್ತಿ ಸುತ್ತಿ ಬಿಡುತ್ತಿದ್ದ ಬೆರಳು.

ಸರ್ಕಾರಿ ವಕೀಲರು ಒಂದೊಂದೇ ಕೇಳಿದರು. ಮಹದೇವು ಹೆಸರು ಹೇಳಿದ, ಊರು ಹೇಳಿದ. ಏಜೆಂಟನ ಫೋಟೊ ಗುರುತಿಸಿದ. ಗೋಡೌನ್ ಅಂದಿದ್ದು ಇವನೇ, ಅಲ್ಲಿ ಓದಲಾಗದ ಲಿಪಿಯ ಕಾಗದಕ್ಕೆ ಸಹಿ ಹಾಕಿಸಿ ಫೋನು ಕಿತ್ತುಕೊಂಡರು, ಲಾರಿ ಕೊಟ್ಟರು, ಹಿಮ ಅನ್ನುವುದು ಉಪ್ಪಿನ ರಾಶಿಯ ಹಾಗಿತ್ತು, ಸ್ಟೇರಿಂಗು ಮುಟ್ಟಿದರೆ ಕೈ ಅಂಟಿಕೊಳ್ಳುತ್ತಿತ್ತು. ಒಂದೊಂದು ಮಾತಿಗೂ ತಡೆದು ತಡೆದು, ಆದರೂ ಬರುತ್ತಿತ್ತು. ಶಿವನಂಜಯ್ಯನಿಗೆ ಎಂಥ ಸಮಾಧಾನವೆಂದರೆ, ಇದು ತಮ್ಮ ಜಗಲಿಯೇ, ಬೀಸುವ ಕಲ್ಲು ತಿರುಗುತ್ತಿದೆ, ಹಿಟ್ಟು ಬೀಳುತ್ತಿದೆ, ತಾಯಿಯ ಬಳೆ ಸದ್ದಾಗುತ್ತಿದೆ ಅನ್ನಿಸಿತು. ಆಗ ಎದುರಿನ ವಕೀಲ ಎದ್ದು ನಿಂತ. ಮೂರ್ತಿ ಅಂತ ಅವನ ಹೆಸರು, ಮೆತ್ತಗಿನ ಮನುಷ್ಯ.

"ಮೇಡಂ, ಕ್ಷಮಿಸಬೇಕು. ಸಾಕ್ಷಿಯ ಪಕ್ಕದಲ್ಲಿರುವ ಹಿರಿಯರು ಪ್ರತಿ ಮಾತಿಗೂ ಹೂಂ ಅನ್ನುತ್ತಿದ್ದಾರೆ. ಹೀಗೇ ಹೇಳು ಅಂತ ಸನ್ನೆ ಕೊಟ್ಟಂತಾಗುತ್ತದೆ. ಇದುವರೆಗೆ ಏಳು ಸಲ."

ಶಿವನಂಜಯ್ಯ ತಿರುಗಿ ನೋಡಿದ, ಹಾಗೆ ಮಾಡುತ್ತಿರುವವರು ಯಾರು ಅಂತ. ಹಿಂದೆ ಗೋಡೆ ಇತ್ತು.

"ಹೂಂ ಅಂದದ್ದು ಯಾರು?" ಅಂದರು ನ್ಯಾಯಾಧೀಶೆ.

"ನಾನೇ ಇರ್ಬೇಕು ಅಮ್ಮಾವ್ರೆ."

"ಇರಬೇಕು ಅಂದರೆ?"

"ನಂಗ್ ಕೇಳುಸ್ಲಿಲ್ಲ ಅಮ್ಮಾವ್ರೆ. ಅವ್ನು ಯೋಳ್ತಿದ್ದ, ನಾನು ಕೇಳ್ತಿದ್ದೆ. ಯೋಳೋರ್ಗೆ ಊಂ ಅನ್ಬೇಕು. ಇಲ್ದಿದ್ರೆ ನಿಂತೋಯ್ತದೆ."

"ಇದು ಕತೆಯಲ್ಲ, ಸಾಕ್ಷಿ. ನೀವು ಸದ್ದು ಮಾಡುವಂತಿಲ್ಲ ಅಂತ ನಿಮಗೆ ತಿಳಿಸಿದ್ದಾರೋ ಇಲ್ಲವೋ?"

"ಹೂಂ" ಅಂದುಬಿಟ್ಟ ಶಿವನಂಜಯ್ಯ.

ಬೆರಳಚ್ಚಿನ ಹೆಂಗಸು ಮೊದಲು ನಕ್ಕಳು, ಆಮೇಲೆ ಸರ್ಕಾರಿ ವಕೀಲರು, ಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡ. ಮೀನಾ ತಲೆ ತಗ್ಗಿಸಿದ್ದರು, ಭುಜ ಅಲುಗುತ್ತಿತ್ತು. ಶಿವನಂಜಯ್ಯನ ಕಿವಿಯ ತುದಿ ಕೆಂಡವಾಯಿತು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕದವನು, ಇವತ್ತು ಇಷ್ಟು ಜನರ ಮುಂದೆ ಬಾಯಿ ಮುಚ್ಚಲು ಬಾರದವನಾದ. ಕುರ್ಚಿಯನ್ನು ನಾಲ್ಕು ಅಡಿ ಹಿಂದಕ್ಕೆ, ಗೋಡೆಗೆ ಹಾಕಿಸಿದರು. ಇನ್ನೊಂದು ಸದ್ದಾದರೆ ಹೊರಗೆ ಅಂದರು. ಅವನು ಜೇಬಿಗೆ ಕೈ ಹಾಕಿ, ಕಡಲೆಕಾಯಿ ಸರಿಸಿ, ಕಲ್ಲುಸಕ್ಕರೆಯ ದಪ್ಪ ಹರಳೊಂದನ್ನು ನಾಲಗೆಯ ಮೇಲಿಟ್ಟು ತುಟಿ ಬಿಗಿದುಕೊಂಡ. ಮಾದಪ್ಪ, ಇದು ಕರಗೋವರೆಗಾದರೂ ನನ್ನ ಬಾಯಿ ನಿನ್ನದು.

ಆಮೇಲೆ ಅವನು ಹೆದರಿದ್ದೇ ಆಯಿತು. "ಆವತ್ತು ಹಗಲು ಲಾರಿಯೊಳಗೆ ನಾವಿಬ್ರೂ ಕಾಯ್ತಾ ಕುಂತಿದ್ದೋ, ನಾನೂ ನಿಂಗರಾಜೂ" ಅಂದ ಮಹದೇವು. ನಿಂತ. ಮಹಾಲಕ್ಷ್ಮಮ್ಮನ ಬೆರಳು ಚೀಲದ ಹಿಡಿಕೆಯ ಮೇಲೆ ನಿಂತಿತು. "ಆಮೇಲೆ ಏನಾಯಿತು?" ಅಂದರು ಸರ್ಕಾರಿ ವಕೀಲರು. ಫ್ಯಾನು ತಿರುಗುತ್ತಿತ್ತು. ಮಹದೇವುವಿನ ಕತ್ತು ಮೆಲ್ಲಗೆ ಪಕ್ಕಕ್ಕೆ ಹೊರಳಿತು, ಕುರ್ಚಿ ಇದ್ದ ಜಾಗದಲ್ಲಿ ಕುರ್ಚಿ ಇರಲಿಲ್ಲ, ಬಲಗೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಕಣ್ಣು ಚಾವಣಿಗೆ ಹೋಯಿತು. ಶಿವನಂಜಯ್ಯನ ಗಂಟಲಲ್ಲಿ ಹೂಂ ಬಂದು ಕೂತಿತ್ತು, ಹಕ್ಕಿ ಗೂಡಿನ ಬಾಯಿಗೆ ಬಂದ ಹಾಗೆ. ಬಿಟ್ಟರೆ ತನ್ನನ್ನು ಹೊರಗೆ ಹಾಕುತ್ತಾರೆ, ಬಿಡದಿದ್ದರೆ ಇವನು ಒಳಗೇ ಉಳಿಯುತ್ತಾನೆ, ಆ ಲಾರಿಯೊಳಗೆ. ಬೇಡದ ದಿನ ಬೇವಿನ ಮರದ ಕೆಳಗೆ ಧಾರಾಳವಾಗಿ ಕೊಟ್ಟ ಹೂಂ, ಬೇಕಾದ ದಿನ ಕೊಡಲು ಕೈ ಕಟ್ಟಿದೆಯಲ್ಲ ಸ್ವಾಮಿ ಅಂದುಕೊಂಡ. ಸಕ್ಕರೆ ಕರಗಿ ಗಂಟಲಿಗಿಳಿಯಿತು. ಹರಳು ಇನ್ನೂ ಇತ್ತು.

ನ್ಯಾಯಾಧೀಶೆ ಗಡಿಯಾರ ನೋಡಿದರು. ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣವೆ ಅಂತ ಸರ್ಕಾರಿ ವಕೀಲರ ಕಡೆ ಹುಬ್ಬು ಎತ್ತಿದರು. ಅದಕ್ಕೆ ಮುಂಚೆ, ಬರೆಸಿದ್ದು ಸರಿಯಿದೆಯೇ ಅಂತ ಬೆರಳಚ್ಚಿನವಳ ಕಂಪ್ಯೂಟರ್ ಪರದೆಯತ್ತ ಬಾಗಿ, ಕೊನೆಯ ಸಾಲನ್ನು ಮೆಲುದನಿಯಲ್ಲಿ ಓದಿಕೊಂಡರು. "'ಆ ದಿನ ಹಗಲು ನಾನು ಮತ್ತು ನಿಂಗರಾಜು ಲಾರಿಯೊಳಗೆ ಕಾಯುತ್ತ ಕುಳಿತಿದ್ದೆವು.' ಹೂಂ."

ಅವರು ಪರದೆಗೆ ಅಂದದ್ದು. ಮಹದೇವು ತಲೆಯೆತ್ತಿದ.

"ಕಾಯ್ತಾ ಕುಂತಿದ್ದೋ ಅಮ್ಮಾವ್ರೆ. ಅವುನ್ಗೆ ಊರ್ ಗ್ಯಾನ ಬಂದಿತ್ತು. ಕತೆ ಯೋಳ್ಲಾ ಅಂದ. ನಾನು ಯೋಳ್ತಿದ್ದೆ."

ನ್ಯಾಯಾಧೀಶೆ ಬರೆಸಿದರು. ಬರೆಸಿ ಮುಗಿದ ಮೇಲೆ, ಮುಂದಿನ ಮಾತಿಗೆ ಪೆನ್ನು ಎತ್ತಿ ಹಿಡಿದುಕೊಂಡು, "ಹೂಂ" ಅಂದರು.

"ನಾನು ಯೋಳ್ತಿದ್ದೆ, ಅವನು ಊಂ ಅಂತಿದ್ದ. ಮ್ಯಾಲೆ ಜೇನಿನ್ ತರ ಡ್ರೋನ್ ಸದ್ದಾಯ್ತು. ನಾನು ನಿಲ್ಲುಸ್ಲಿಲ್ಲ, ಅವುನ್ಗೆ ಎದ್ರುಕೆ ಆಗ್ಬಾರ್ದು ಅಂತ ಯೋಳ್ತಾನೇ ಇದ್ದೆ."

"ಹೂಂ."

"ದೊಡ್ ಸದ್ದಾಯ್ತು. ನಂಗೇನೂ ಆಗ್ಲಿಲ್ಲ. ಹೊಗೆ. ಕಣ್ ಕಾಣ್ತಿರ್ಲಿಲ್ಲ. ನಾನು ಕತೆ ನಿಲ್ಲುಸ್ಲಿಲ್ಲ ಅಮ್ಮಾವ್ರೆ. ಯೋಳ್ದೆ, ಯೋಳ್ದೆ. ಊಂ ನಿಂತೋಗಿತ್ತು."

ಮೂರ್ತಿ ಕುರ್ಚಿಯಿಂದ ಅರ್ಧ ಎದ್ದಿದ್ದ. ನ್ಯಾಯಾಧೀಶೆಯ ಹೂಂ ಮೇಲೆ ಯಾವ ಕಲಮಿನಡಿ ಆಕ್ಷೇಪಣೆ ಎತ್ತುವುದೋ ತಿಳಿಯದೆ ನಿಂತವನು, ಈಗ ಸದ್ದಿಲ್ಲದೆ ಕೂತ. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. ಶಿವನಂಜಯ್ಯನಿಗೆ ಈಗ ತಿಳಿಯಿತು, ಆರು ತಿಂಗಳು ತಾನು ಜಗಲಿಯ ಮೇಲೆ ಏನು ಕೊಡುತ್ತಿದ್ದೆ, ತಡವಾದಾಗ ಆ ಕಣ್ಣು ಯಾಕೆ ಹಾಗೆ ಹೊರಳುತ್ತಿತ್ತು ಅನ್ನುವುದು. ಬಾಯಿ ಬಿಗಿದು ಕೂತ ಈ ಹೊತ್ತಿನಲ್ಲಿ ಒಂದೊಂದು ಮಾತೂ ಒಳಗೆ ಬಂದು ಅದರ ಜಾಗ ಹುಡುಕಿ ಕೂರುತ್ತಿತ್ತು. ಹೂಂ ಹುಡುಕುವ ಕೆಲಸ ತಪ್ಪಿದ್ದರಿಂದಲೋ ಏನೋ, ಹುಟ್ಟಿದಾಗಿನಿಂದ ಇಷ್ಟು ಚೆನ್ನಾಗಿ ಅವನ ಕಿವಿಗೆ ಏನೂ ಕೇಳಿಸಿರಲಿಲ್ಲ. ಮೂಲೆಯಲ್ಲಿ ಮಹಾಲಕ್ಷ್ಮಮ್ಮ ಅಳಲಿಲ್ಲ. ಸೆರಗನ್ನು ಇನ್ನೊಂದು ಸುತ್ತು ಹೊದ್ದುಕೊಂಡಳು, ಅಲ್ಲಿಯ ಚಳಿ ಈಗ ಇಲ್ಲಿಗೆ ಬಂತು ಅನ್ನುವ ಹಾಗೆ.

ಪಾಟಿ ಸವಾಲಿಗೆ ಎದ್ದ ಮೂರ್ತಿಗೆ ಒಂದೇ ಹಾದಿ ಉಳಿದಿತ್ತು. ಮಹದೇವು ಎಲ್ಲ ತಿಳಿದೇ, ತಾನಾಗಿ ಹೋದ ಅನ್ನುವುದು.

"ಹೋಗುವ ಮುಂಚೆ ಊರಲ್ಲಿ ಯಾರಿಗಾದರೂ ಹೇಳಿದ್ದಿರಾ?"

"ಒಬ್ರಿಗೆ ಯೋಳ್ದೆ ಸಾ. ಪಾಸ್‌ಪೋರ್ಟ್ ತಂದ್ಕೊಟ್ಟೋರಿಗೆ. ಪೋಸ್ಟ್ ಮಾವುನ್ಗೆ."

"ಏನಂತ ಹೇಳಿದಿರಿ?"

"ಗೋಡೌನ್ ಕೆಲ್ಸ ಅಂತವ್ರೆ, ಆದ್ರೆ ಏಜೆಂಟು ಕಾಗ್ದ ತೋರುಸ್ತಾ ಇಲ್ಲ, ನಂಗ್ಯಾಕೋ ಅನ್ಮಾನ ಅಂತ. ಅವ್ವಂಗೆ ಯೋಳುದ್ರೆ ಅಳ್ತಾಳೆ ಅಂತ ಇವ್ರಿಗೆ ಯೋಳ್ದೆ."

ಗೋಡೆಗೆ ಒರಗಿದ ಶಿವನಂಜಯ್ಯನ ಬೆನ್ನಿಗೆ ಸುಣ್ಣ ತಣ್ಣಗೆ ತಾಕಿತು. ಅನುಮಾನ ಅಂದಿದ್ದನೇ. ಅಷ್ಟು ಹೇಳಿದ್ದನೇ.

"ಅವರು ಏನಂದರು?"

"ಏನೂ ಅನ್ಲಿಲ್ಲ ಸಾ. ಊಂ ಅಂದ್ರು."

"ಅಂದರೆ ಹೋಗು ಅಂದರು."

"ಇಲ್ಲ ಸಾ. ಅವ್ರು ಕೇಳ್ತಾನೇ ಇರ್ಲಿಲ್ಲ. ಸೈಕಲ್ ಚೈನ್ ಬಿದ್ದೋಗಿತ್ತು, ಅದುನ್ನ ಏರುಸ್ತಿದ್ರು. ಏರುಸ್ದ್ರೆ ತಿರ್ಗ ಬೀಳ್ತಿತ್ತು. ನಂಗೆ ನಗು ಬಂತು. ಆಮ್ಯಾಕೆ ಯೋಳನ ಬುಡು ಅಂತ ಓದೆ."

ಮತ್ತೆ ನಗೆ. ಈ ಸಲ ನ್ಯಾಯಾಧೀಶೆಯೂ ತುಟಿ ಒತ್ತಿಕೊಂಡರು. "ಮೂರ್ತಿಯವರೆ, ಸಾಕ್ಷಿಗೆ ಅನುಮಾನವಿತ್ತು, ಏಜೆಂಟ್ ಕಾಗದ ತೋರಿಸಲಿಲ್ಲ ಅಂತ ಅವರ ಬಾಯಲ್ಲಿ ಬರೆಸಿದವರು ನೀವೇ. ಸೈಕಲ್ ಚೈನನ್ನೂ ಬರೆಸಲೇ?" ಮೂರ್ತಿ ಬೇಡವೆಂದು ತಲೆ ಅಲ್ಲಾಡಿಸಿದ. ಸಾಕ್ಷಿ ಪೂರ್ತಿಯಾಯಿತು ಅಂದರು. ಮಹದೇವು ಸಹಿ ಹಾಕಿದ, ಒಂದೇ ಏಟಿಗೆ, ಅಕ್ಷರದ ಕೊನೆಗೊಂದು ಬಾಲ ಎಳೆದು. ಹೊರಗೆ ಹೋಗುವಾಗ ನ್ಯಾಯಾಧೀಶೆ ಶಿವನಂಜಯ್ಯನ ಕಡೆ ನೋಡಿ, "ಕೊನೆಗೂ ಸುಮ್ಮನೆ ಕೂತಿರಲ್ಲ" ಅಂದರು. ಬಾಯಲ್ಲಿ ಇನ್ನೂ ಸಕ್ಕರೆ ಇತ್ತು, ಕೈ ಮುಗಿದ.

ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಮಹಾಲಕ್ಷ್ಮಮ್ಮನೂ ಸೇರಿ ಮೂವರೂ ಕೂತರು. ಮೀನಾ ಫೋನಿನಲ್ಲಿ ಮಾತಾಡುತ್ತ ಹುಣಸೆ ಮರದ ನೆರಳಿಗೆ ಹೋದರು. ಶಿವನಂಜಯ್ಯ ಟೀ ಲೋಟವನ್ನು ಬೆಂಚಿನ ಮೇಲೇ ಬಿಟ್ಟ. ಎದುರಿಗೆ ಕೂತವಳ ಮಗ ಆ ಒಂದು ಚೈನು ಸರಿಯಿದ್ದಿದ್ದರೆ ಇರುತ್ತಿದ್ದನೋ ಏನೋ. ಮಹದೇವು ಬೇಡವೆಂದಿದ್ದರೆ ನಿಂಗರಾಜುವೂ ಬೇಡವೆನ್ನುತ್ತಿದ್ದ. ಹೀಗೆ ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹಲ್ಲು ಕಚ್ಚುತ್ತ ಹೋಗುತ್ತಿತ್ತು ಮನಸ್ಸು.

"ಮಹದೇವು, ನಾನು ಅವತ್ತು..." ಅಂದ.

"ಬುಡಿ ಮಾವ. ನೀವು ಬ್ಯಾಡ ಅಂದಿದ್ರೂ ನಾನು ಕೇಳ್ತಿರ್ಲಿಲ್ಲ. ವಿಮಾನ ನೋಡ್ಬೇಕು ಅನ್ನೋ ತಿಮಿರು. ಆವತ್ತಿನ ಮಾತು ಅರ್ಧಕ್ಕೆ ನಿಂತಿತ್ತು, ಪೂರ್ತಿ ಯೋಳನ ಅಂತಾನೇ ನಿಮ್ ಎಸ್ರು ಬರುದ್ದು." ಆಮೇಲೆ ನಕ್ಕ. "ಇವತ್ತಾದ್ರೂ ಕೇಳುಸ್ತಾ?"

ಶಿವನಂಜಯ್ಯ ಹೂಂ ಅನ್ನಲು ಹೋಗಿ, ಅನ್ನದೆ, "ಎಲ್ಲಾ ಕೇಳುಸ್ತು ಕಣಪ್ಪ" ಅಂದ.

ಮಹಾಲಕ್ಷ್ಮಮ್ಮನ ಟೀ ಆರಿ ಕೆನೆ ಕಟ್ಟಿತ್ತು. ಚೀಲದಿಂದ ಎಲೆಯಡಿಕೆ ತೆಗೆಯುವವಳಂತೆ ಕೈ ಹಾಕಿ, ಏನೂ ತೆಗೆಯದೆ, ಮಹದೇವುವನ್ನು ನೋಡಿದಳು.

"ಮಗಾ, ಯಾವ್ ಕತೆ ಯೋಳ್ತಿದ್ದೆ ಅವುನ್ಗೆ?"

ಮಹದೇವು ಲೋಟ ಕೆಳಗಿಟ್ಟ. "ಆಲೆಮನೆದು ಕಣವ್ವ. ಸತ್ತೇಗಾಲದ ದಾರಿದು. ಟ್ರೇಲರ್ ಹಿಂದಕ್ ತಗುದ್ನಲ್ಲ, ಅದು."

"ಎಲ್ಲಿಗ್ ಬಂದಿತ್ತು?"

"ಇಳುದು ಹಿಂದ್ಕೆ ನೋಡುದ್ರೆ ಅನ್ನಗಂಟ."

"ಮುಗುಸ್ಲಿಲ್ವಾ?"

"ಇಲ್ಲ ಕಣವ್ವ. ಯೋಳ್ತಾ ಇದ್ದೆ, ಅವುನ್ಗೆ ಕೇಳುಸ್ಲಿಲ್ಲ. ಆಮೇಲ್ ಯಾರ್ಗೂ ಯೋಳಕ್ಕಾಗ್ಲಿಲ್ಲ."

ಅವಳು ಚೀಲವನ್ನು ಮಡಿಲಿಂದ ತೆಗೆದು ನೆಲಕ್ಕಿಟ್ಟಳು. ಕಾಲು ಮಡಿಸಿ ಬೆಂಚಿನ ಮೇಲೆ ಸರಿಯಾಗಿ ಕೂತಳು, ಕತೆಗೆ ಕೂರುವವರು ಕೂರುವ ಹಾಗೆ. "ಈಗ್ ಯೋಳು. ನಾನ್ ಊಂ ಅಂತಿನಿ."

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಗುಡುಗುತ್ತ ಹೋಯಿತು. ಮಹದೇವು ಬೆಚ್ಚಲಿಲ್ಲ, ಅದರ ಹಿಂದಿನ ಚಕ್ರವನ್ನೇ ನೋಡುತ್ತ ಶುರು ಮಾಡಿದ. ಗಾಡಿ ಸಾಲಾಗಿ ನಿಂತವು. ಊಂ. ಮುಂದಕ್ಕೆ ಜಾಗವಿಲ್ಲ. ಊಂ. ಎರಡು ಟ್ರೇಲರು ಹಿಂದಕ್ಕೆ ತೆಗೆಯುವ ಗಂಡು ಯಾರಿದ್ದಾನೆ ಅಂತ ಎಲ್ಲರೂ ಕೆಣಕಿದರು. ಊಂ, ಕೆಣಕ್ದೆ ಇರ್ತಾರಾ. ರಿವರ್ಸ್ ಹಾಕಿ, ನೆಲದ ತುಂಬ ಹಿಂಡಿದ ಕಬ್ಬಿನ ಸಿಪ್ಪೆ, ಅದರ ಮೇಲೆ ಮೆತ್ತಗೆ, ಹೂವಿನ ಮೇಲೆ ತೆಗೆದ ಹಾಗೆ ತೆಗೆದುಕೊಂಡು ಬಂದ. ಊಂ. ಇಳಿದ. ಹಿಂದಕ್ಕೆ ನೋಡಿದರೆ...

ಅಲ್ಲಿಗೆ ಬಂದು ನಿಂತ. ಶಿವನಂಜಯ್ಯ ಇನ್ನೊಂದು ಹರಳು ಬಾಯಿಗೆ ಹಾಕಿಕೊಂಡ.

"ಊಂ" ಅಂದಳು ಮಹಾಲಕ್ಷ್ಮಮ್ಮ. "ಹಿಂದ್ಕೆ ನೋಡುದ್ರೆ?"

"ಹಿಂದ್ಕೆ ನೋಡುದ್ರೆ, ಒಲೆ ಉರಿ ಆಕೋ ಚಿಕ್ಕಮಾದಯ್ಯ ಬಾಗ್ಲಲ್ಲಿ ಮಂಚ ಆಕ್ಕಂಡು ಮಲ್ಗಿದ್ದನಲ್ಲ ಕಣವ್ವ, ಟ್ರೇಲರು ಮಂಚ ಸಮೇತ ಅವುನ್ನ ಸಿಪ್ಪೆ ಮ್ಯಾಲೆ ಜಾರುಸ್ಕಂಡು ರೋಡ್ಗಂಟ ತಳ್ಕಂಡ್ ಬಂದದೆ. ಅವುನ್ಗೆ ಎಚ್ರಾನೇ ಆಗಿಲ್ಲ. ಈಗ್ ಎದ್ದು ಕುಂತ್ಕಂಡು, ಕಣ್ ಉಜ್ಕಂಡು, ದೂರ್ದಲ್ಲಿ ಆಲೆಮನೆ ನೋಡ್ಕಂಡು ಕೇಳ್ತಾವ್ನೆ: ಲೇ, ಆಲೆಮನೆನ ಎಲ್ಗ್ಲಾ ತಕಂಡ್ ಓಯ್ತಿದ್ದೀರಿ?"

ಮಹಾಲಕ್ಷ್ಮಮ್ಮ ಊಂ ಅನ್ನಲು ಬಾಯಿ ತೆರೆದಳು, ಬಂದದ್ದು ನಗು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಬಂದು ಕೆನ್ನೆಗಿಳಿಯಿತು, ಯಾವುದಕ್ಕೆ ಬಂದ ನೀರೋ ಅವಳು ಒರೆಸಲಿಲ್ಲ. ಟೀ ಅಂಗಡಿಯವನೂ ನಕ್ಕ. ಮಹದೇವು ಹೆಗಲನ್ನು ಒಂದು ಸಲ ಅಲುಗಿಸಿದ, ಬೆಳಗಿನಿಂದ ಹೊತ್ತ ಮೂಟೆ ಇಳಿಸಿದವನ ಹಾಗೆ.

"ನಮ್ ನಿಂಗುನ್ಗೆ ಇದು ಗೊತ್ತಾಗ್ಲೇ ಇಲ್ವಲ್ಲ" ಅಂದಳು ಅವಳು, ನಗು ಸುಧಾರಿಸಿಕೊಳ್ಳುತ್ತ. ಬಗ್ಗಿ ಚೀಲ ಎತ್ತಿಕೊಂಡಳು. "ಇರ್ಲಿ ಬುಡು. ಸಂಜೆ ಅವುನ್ ಫೋಟೊ ಮುಂದೆ ದೀಪ ಅಚ್ಚುವಾಗ ನಾನೇ ಯೋಳ್ತಿನಿ."

ಯಳಂದೂರಿನ ಬಸ್ಸು ಬಂತು. ಅವಳು ಹತ್ತುವಾಗ ಶಿವನಂಜಯ್ಯ ಜೇಬಿನಲ್ಲಿದ್ದ ಕಲ್ಲುಸಕ್ಕರೆಯ ಪೊಟ್ಟಣವನ್ನು ಪೂರ್ತಿ ಅವಳ ಕೈಗೆ ಹಾಕಿದ. ಜೊತೆಯಲ್ಲಿ ಆ ನಾಲ್ಕು ಕಡಲೆಕಾಯಿಯೂ ಹೋಗಿಬಿಟ್ಟವು. ಆಮೇಲೆ ನೆನಪಾಗಿ, ಹೋಗಲಿ, ಎಲ್ಲ ಮಾದಪ್ಪನದೇ ಅಂದುಕೊಂಡು ಸುಮ್ಮನಾದ. ಮಹದೇವು ಪಕ್ಕದಲ್ಲಿ ಇನ್ನೊಂದು ಕತೆ ಶುರು ಮಾಡಿ ಆಗಿತ್ತು, ಯಾರೂ ಹೂಂ ಅನ್ನುವುದನ್ನು ಕಾಯದೆ.